ಮೋನಪ್ಪಾಚಾರಿಯ ಕೈ

ಬಹಳ ಹಿಂದೆ, ನಿಮ್ಮ ಅಜ್ಜಂದಿರ ಅಜ್ಜಂದಿರಿಗೂ ಮೊದಲು, ಕಡಲ ನಡುವಿನ ದ್ವೀಪದಲ್ಲಿ ಒಂದು ಊರಿತ್ತಂತೆ. ಅದೇ ಈ ಊರು. ಆಗ ಇಲ್ಲೊಬ್ಬ ಚಿಕ್ಕ ಅರಸ, ಅವನಿಗೊಂದು ಟಂಕಸಾಲೆ. ಕೆಳಗಿನ ಅಚ್ಚಿನ ಮೇಲೆ ಬೆಳ್ಳಿಯ ಬಿಲ್ಲೆ ಇಟ್ಟು, ಅದರ ಮೇಲೆ ಇನ್ನೊಂದು ಅಚ್ಚು ನಿಲ್ಲಿಸಿ, ಸುತ್ತಿಗೆಯಿಂದ ಒಂದೇ ಪೆಟ್ಟು. ಹಾಯಿದೋಣಿಯ ಚಿತ್ರವಿರುವ ನಾಣ್ಯವಾಯಿತು.

ಮೇಲಚ್ಚು ಹಿಡಿಯುವವನು ಮೋನಪ್ಪಾಚಾರಿ. ಹೊಡೆಯುವವನು ಸಿಂಗಣಾಚಾರಿ, ನಮ್ಮ ಮನೆತನದ ಹಿರಿಯ. ಹಿಡಿದ ಕೈ ಕೂದಲೆಳೆಯಷ್ಟು ಅಲುಗಿದರೂ ನಾಣ್ಯದಲ್ಲಿ ಒಂದು ದೋಣಿಗೆ ಎರಡು ದೋಣಿ ಮೂಡುತ್ತದೆ. ಮೋನಪ್ಪ ಹಿಡಿದರೆ ಹಾಯಿಯ ಹಗ್ಗಗಳನ್ನೂ ಎಣಿಸಬಹುದಿತ್ತಂತೆ. ಹಾಗಂತ ಹೇಳುತ್ತಾರೆ. ಹೇಳುವವರಿಗೇನು, ಅವರು ಸುತ್ತಿಗೆ ಎತ್ತಿದವರೇ?

ವರ್ಷಕ್ಕೊಮ್ಮೆ ಹೊಸ ಅಚ್ಚಿನ ಮೊದಲ ನಾಣ್ಯ ಬಂದಾಗ ಅರಸ ವೀಳ್ಯ ಕೊಡುತ್ತಿದ್ದ. ಒಂದೇ ವೀಳ್ಯ. ಪ್ರತಿ ಸಲವೂ ಮೋನಪ್ಪನಿಗೇ. ಬೆವರು ಸುರಿಸಿದ ಸಿಂಗಣ ಪಕ್ಕದಲ್ಲಿ ನಿಂತು, ಅವನು ಎಲೆ ಜಗಿಯುವುದನ್ನು ನೋಡಬೇಕು. ಹನ್ನೆರಡು ವರ್ಷ ನೋಡಿದನಂತೆ. ಹೊಟ್ಟೆ ಉರಿಯದೆ ಇರುತ್ತದೆಯೇ? ನನಗೆ ಈಗಲೂ ಉರಿಯುತ್ತದೆ.

ಹದಿಮೂರನೆಯ ವರ್ಷ, ಅರಸನ ಎದುರಿಗೇ, ಸಿಂಗಣ ಸುತ್ತಿಗೆ ಎತ್ತಿದ. ಈ ಕೈಯೇ ಇಲ್ಲದಿದ್ದರೆ, ಎಂದುಕೊಂಡನಂತೆ. ಮೋನಪ್ಪ ಅವನ ಕಣ್ಣು ನೋಡಿದ, ಎಲ್ಲ ತಿಳಿಯಿತಂತೆ. ಕೈ ತೆಗೆಯಬಹುದಿತ್ತು. ತೆಗೆದರೆ ನಾಣ್ಯ ಕೆಡುತ್ತದೆ. ತೆಗೆಯಲಿಲ್ಲ. ಪೆಟ್ಟು ಅರ್ಧ ಅಚ್ಚಿನ ಮೇಲೆ, ಅರ್ಧ ಬೆರಳ ಮೇಲೆ ಬಿತ್ತು. ಬಲಗೈಯ ಮೂರು ಬೆರಳು ನಜ್ಜುಗುಜ್ಜಾದವು.

ಯಾರ ತಪ್ಪು ಎಂದು ಅರಸ ಕೇಳಿದ. ಬೇಕೆಂದೇ ಹೊಡೆದವನ ಕೈ ಕಡಿಯುವುದು ಆ ಕಾಲದ ಕಟ್ಟಳೆ.

"ನನ್ನ ಕೈಯೇ ಅಲುಗಿತು ಒಡೆಯಾ. ಸಿಂಗಣನದೇನೂ ತಪ್ಪಿಲ್ಲ," ಅಂದನಂತೆ ಮೋನಪ್ಪ.

ಅರಸ ರಕ್ತ ಒರೆಸಿ ನಾಣ್ಯ ನೋಡಿದ. ಒಂದೇ ದೋಣಿ. ಅಲುಗಿದ ಕೈಯ ನಾಣ್ಯವೇ ಅದು? ಅಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಸಿಂಗಣನ ಕಡೆ ತಿರುಗಿದರಂತೆ. ಅರಸ ಮಾತ್ರ ಶಿಕ್ಷೆಯ ಮಾತೆತ್ತದೆ ವೀಳ್ಯ ಕೈಗೆತ್ತಿಕೊಂಡ. ಅದನ್ನು ಎಡಗೈಗೆ ಕೊಡುವುದು ಹೇಗೆಂದು ತಾನೇ ಮೋನಪ್ಪನ ಬಾಯಿಗಿಟ್ಟನಂತೆ. ನೋಡಿ! ಕೈ ಹೋದರೂ ಗೆದ್ದವನು ಅವನೇ. ಕೈ ಕಡಿಸಿದ್ದರೆ ನಮ್ಮವನು ಹೇಗೋ ತಡೆದುಕೊಳ್ಳುತ್ತಿದ್ದ.

ಈಗಲೂ ಈ ದ್ವೀಪದ ಆಚಾರಿಗಳು ದಿನದ ಮೊದಲ ಪೆಟ್ಟಿಗೆ ಮುಂಚೆ ಸುತ್ತಿಗೆ ಬದಿಗಿಟ್ಟು, ತಮ್ಮ ಬರಿಗೈಯನ್ನು ಅಡೆಗಲ್ಲಿನ ಮೇಲೆ ಚಾಚಿ, ಮೋನಪ್ಪನ ಹೆಸರು ಹೇಳುತ್ತಾರೆ. ಸಿಂಗಣನ ಹೆಸರು ಯಾರೂ ಹೇಳುವುದಿಲ್ಲ. ಸಿಂಗಣನ ವಂಶದವನು ನಾನು. ಐವತ್ತು ವರ್ಷ ದಿನಾ ಕೈ ಚಾಚಿದೆ, ನಾನೂ ಹೇಳಲಿಲ್ಲ.