ದುರುಗವ್ವ ನೋಡದ ಹೊಳೆ

ಶಿಷ್ಯನು ಕೇಳಿದನು: “ಗುರುಗಳೇ, ನನ್ನ ಸಿನಿಮಾ ನೋಡಿದವರೆಲ್ಲ ಛಾಯಾಗ್ರಹಣವನ್ನು ಹೊಗಳಿ ಮನೆಗೆ ಹೋದರು. ಯಾರ ಮನಸ್ಸಿಗೂ ತಟ್ಟಲಿಲ್ಲ. ಎಲ್ಲಿ ತಪ್ಪಿದೆ?”

ಗುರುಗಳು ನಲವತ್ತು ವರ್ಷ ಸಿನಿಮಾಗಳ ಸಂಕಲನ ಮಾಡಿದವರು. ಅವರು ಈ ಕತೆ ಹೇಳಿದರು.

ಕೃಷ್ಣಾ ನದಿಯ ನಡುಗಡ್ಡೆಯೊಂದರಲ್ಲಿ ದುರುಗವ್ವ ಎಂಬ ಹೆಂಗಸಿದ್ದಳು. ಒಂದು ಮಳೆಗಾಲ ಅವಳ ಆರು ವರ್ಷದ ಮಗಳಿಗೆ ಹಾವು ಕಚ್ಚಿತು. ಹೊಳೆ ತುಂಬಿ ಹರಿಯುತ್ತಿತ್ತು. ಅಂಬಿಗರು ಹರಿಗೋಲು ಇಳಿಸಲು ಒಪ್ಪಲಿಲ್ಲ. ಅವಳೇ ಮಗಳನ್ನು ಹರಿಗೋಲಿನಲ್ಲಿ ಮಲಗಿಸಿ ಹುಟ್ಟು ಹಾಕಿದಳು. ಆಚೆ ದಡದ ಆಸ್ಪತ್ರೆ ಮುಟ್ಟಿದಳು. ಮಗಳು ಉಳಿದಳು.

ಇಪ್ಪತ್ತು ವರ್ಷದ ಮೇಲೆ ಒಬ್ಬ ನಿರ್ದೇಶಕ ಇದನ್ನು ಸಿನಿಮಾ ಮಾಡಿದ. ಕೆಲಸ ಬಲ್ಲವನು, ಶ್ರದ್ಧೆಯುಳ್ಳವನು. ತನಗೆ ಬೇಕಾದ ಮೋಡಕ್ಕಾಗಿ ಹನ್ನೊಂದು ದಿನ ಕಾದ. ಗುಡ್ಡದ ಮೇಲಿಂದ ಕೆಂಪು ಪ್ರವಾಹವನ್ನೂ ಅದರಲ್ಲಿ ಚುಕ್ಕೆಯಂಥ ಹರಿಗೋಲನ್ನೂ ಹಿಡಿದ. ಬಿಡುಗಡೆಗೆ ಮೊದಲು ನಡುಗಡ್ಡೆಗೆ ಬಂದು, ಶಾಲೆಯ ಕಿಟಕಿಗಳನ್ನು ಮುಚ್ಚಿಸಿ, ತಾಯಿ ಮಗಳಿಬ್ಬರಿಗೂ ತೋರಿಸಿದ.

ಸಿನಿಮಾ ಮುಗಿಯಿತು. ದುರುಗವ್ವ ಹೇಳಿದಳು: “ಹೊಳಿ ಭಾಳ ಚಂದ ಕಾಣ್ತದ್ರಿ. ಆದ್ರ ಆವತ್ತು ನಾ ಹೊಳಿ ನೋಡೇ ಇಲ್ಲ.”

“ಮತ್ತೇನು ನೋಡಿದಿರಿ?”

“ಇಕಿ ಎದಿ ಏರತೈತೋ ಇಲ್ಲೋ, ಅಷ್ಟ ನೋಡಿದೆ.”

ನಿರ್ದೇಶಕನಿಗೆ ನೋವಾಯಿತು. ಒಂದು ವಾರ ಸಂಕಲನದ ಕೋಣೆಗೆ ಕಾಲಿಡಲಿಲ್ಲ. ಆಮೇಲೆ ತಾಯಿ ಮಗಳ ಪಾತ್ರದವರೂ ಸೇರಿ ನಾಲ್ಕು ಜನರೊಡನೆ ನಡುಗಡ್ಡೆಗೆ ಮರಳಿ ಬಂದ. ಈ ಸಲ ಕ್ಯಾಮೆರಾವನ್ನು ಹರಿಗೋಲಿನೊಳಗೆ ಇಟ್ಟ. ಮಗುವಿನ ಏರಿಳಿಯುವ ಎದೆ, ತಾಯಿಯ ಕೈ, ಅಂಚು ದಾಟಿ ಒಳಗೆ ಬೀಳುವ ನೀರು ಮಾತ್ರ ಕಂಡವು. ಹರಿಗೋಲು ಗಿರ್ರನೆ ತಿರುಗಿದಾಗ ದಡ ಒಮ್ಮೆ ಬಂದು ಹೋಯಿತು. ಅಷ್ಟರಲ್ಲಿ ಪ್ರವಾಹ ಇಳಿದಿದ್ದರಿಂದ ನೀರಿನ ಬಣ್ಣ ಕೆಲವು ಕಡೆ ಮೊದಲಿನ ದೃಶ್ಯಗಳಿಗೆ ಹೊಂದಲಿಲ್ಲ. ಅದನ್ನು ಹಾಗೆಯೇ ಬಿಟ್ಟ. ಗುಡ್ಡದ ಮೇಲಿನ ದೃಶ್ಯವನ್ನು ನಾಲ್ಕು ಸಲ ನೋಡಿ ತೆಗೆದುಹಾಕಿದ.

ಮತ್ತೆ ಅದೇ ಶಾಲೆಯಲ್ಲಿ ತೋರಿಸಿದ. ನಡುವೆಯೇ ದುರುಗವ್ವ ಎದ್ದು ಹೊರಗೆ ಹೋದಳು. ನಿರ್ದೇಶಕ ಗಾಬರಿಯಿಂದ ಹಿಂದೆ ಹೋದ. ಅವಳು ಗೋಡೆ ಹಿಡಿದು ನಿಂತಿದ್ದಳು.

“ಏನಾಯಿತವ್ವ? ತಪ್ಪು ಮಾಡಿದೆನೇ?”

“ನೋಡಾಕ ಆಗವಲ್ದಪ್ಪ. ಕೂಸು ಉಳಿತೈತೋ ಇಲ್ಲೋ ಅಂತ ಹೆದರಿಕಿ ಆತು.”

ಆ ಕೂಸು, ಇಪ್ಪತ್ತಾರು ವರ್ಷದ ಹೆಂಗಸು, ಆಗ ಒಳಗೆ ಬೆಂಚಿನ ಮೇಲೆ ಕುಳಿತಿದ್ದಳು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನು, “ಹಾಗಾದರೆ ನಾನೂ ಚಂದದ ದೃಶ್ಯಗಳನ್ನು ತೆಗೆದುಹಾಕಬೇಕೇ?” ಎಂದನು.

ಗುರುಗಳು ಅವನ ಭುಜದ ಮೇಲೆ ಕೈಯಿಟ್ಟು ಕೇಳಿದರು: “ನಿನ್ನ ಸಿನಿಮಾ ಮಾಡುವಾಗ ನೀನು ಯಾರಿಗಾಗಿ ಹೆದರಿದ್ದೆ?”