ಅಂಬಿಗನ ಕೈಪಟ್ಟಿ

ಹೊಳೆದಂಡೆಯ ಆ ಆಶ್ರಮದಲ್ಲಿ ಮಂತ್ರಕ್ಕಿಂತ ಲೋಹ ಉಜ್ಜುವ ಅರದ ಸದ್ದೇ ಹೆಚ್ಚು. ಗುರು ಅಡವಯ್ಯನವರಿಗೆ ಲೋಹದ ಹುಚ್ಚು, ಶಿಷ್ಯ ಚೆನ್ನವೀರನಿಗೆ ಅವಸರದ ಹುಚ್ಚು.

ಅಂಬಿಗರ ದುರ್ಗಪ್ಪನ ಬಲಗೈ ಬೆರಳುಗಳು ಲಕ್ವ ಹೊಡೆದು ಸೋತಿದ್ದವು. ಮೂವತ್ತು ವರ್ಷ ಜನರನ್ನು ಹೊಳೆ ದಾಟಿಸಿದವನು ಈಗ ತನ್ನದೇ ಹರಿಗೋಲಿನಲ್ಲಿ ಸುಮ್ಮನೆ ಕೂರುತ್ತಿದ್ದ. ಅವನಿಗೆ ಮತ್ತೆ ಹುಟ್ಟು ಹಿಡಿಯಬೇಕಿತ್ತು.

ಚೆನ್ನವೀರ ಗಾಜಿನ ನೂಲಿನ ಬಟ್ಟೆಗೆ ಅಂಟು ಸವರಿ, ಮುಷ್ಟಿಯ ಆಕಾರಕ್ಕೆ ಬಾಗಿಸಿ, ಬಿಲ್ಲಿನಂತೆ ಸೆಟೆಯುವ ಗಟ್ಟಿ ಪಟ್ಟಿಯೊಂದನ್ನು ಮಾಡಿ ಅವನ ಬೆರಳಿಗೆ ಕಟ್ಟಿದ. ಪಟ್ಟಿಯೊಳಗೆ ಒಂದು ತಂತಿ. ಕಾಯಿಸಿದರೆ ನೆಟ್ಟಗಾಗುವ ಜಾತಿಯದು.

ಬ್ಯಾಟರಿಯಿಂದ ತಂತಿ ಕಾದಾಗ ಬೆರಳು ಬಿಚ್ಚಿದವು. ಆರಿದಾಗ ಮಡಚಿದವು. ಆದರೆ ಬಿಚ್ಚಿದ್ದು ಹುಟ್ಟು ಒಳಗೆ ತೂರುವಷ್ಟಲ್ಲ.

“ಅಜ್ಜಾರ, ಯಾಕ ಇಷ್ಟ ಕಡಿಮಿ?” ಚೆನ್ನವೀರ ಗುರುವನ್ನು ಕೇಳಿದ.

ಗುರು ಅದೇ ತಂತಿಯ ಒಂದು ತುಂಡನ್ನು ಬಾಗಿಸಿ ಬಿಸಿನೀರಿನ ಬಟ್ಟಲಿಗೆ ಹಾಕಿದರು. ಅದು ಥಟ್ಟನೆ ನೆಟ್ಟಗಾಯಿತು.

“ತಂತಿದೇನೂ ತಪ್ಪಿಲ್ರಿ! ಪಟ್ಟಿ ಗಟ್ಟಿ ಐತಿ, ಅದ ಅಡ್ಡ ಬರಾಕತ್ತೈತಿ.”

“ಪೂರಾ ನೋಡು. ನೀರು ಆರ್ಲಿ.”

ಆರುವತನಕ ಕಾಯುವ ಜಾಯಮಾನ ಅವನದಲ್ಲ. ಆಗಲೇ ಅರ ಎತ್ತಿಕೊಂಡಿದ್ದ. ಪಟ್ಟಿಯನ್ನು ತಿಕ್ಕಿ ತಿಕ್ಕಿ ವೀಳ್ಯದೆಲೆಯಷ್ಟು ತೆಳ್ಳಗೆ ಮಾಡಿದ.

ಈ ಸಲ ಬೆರಳುಗಳು ಪೂರ್ತಿ ಬಿಚ್ಚಿದವು. ದುರ್ಗಪ್ಪನಿಗೆ ಕಣ್ಣೀರು ತಡೆಯಲಾಗಲಿಲ್ಲ. ಚೆನ್ನವೀರ ಹುಟ್ಟನ್ನು ಅವನ ಅಂಗೈಯಲ್ಲಿಟ್ಟು ಬ್ಯಾಟರಿ ಬಂದ್ ಮಾಡಿದ.

ತಂತಿ ಆರಿತು. ಬೆರಳು ಮಡಚಲಿಲ್ಲ. ಹುಟ್ಟು ನೆಲಕ್ಕೆ ಬಿತ್ತು.

“ಕೈ ತೆರೀತ್ರಿ,” ಎಂದ ದುರ್ಗಪ್ಪ ಮೆಲ್ಲಗೆ. “ಹಿಡಿಯಾಕ ಆಗವಲ್ದು.”

ಚೆನ್ನವೀರನಿಗೆ ಮುಖ ಎತ್ತಲಾಗದಷ್ಟು ನಾಚಿಕೆಯಾಯಿತು.

“ಅಜ್ಜಾರ, ತಂತಿ ಮಡಚೋದು ಮರೀತೇನ್ರಿ?”

ಗುರು ಬಟ್ಟಲನ್ನು ಅವನ ಮುಂದೆ ಸರಿಸಿದರು. ನೀರು ತಣ್ಣಗಾಗಿತ್ತು. ತಂತಿ ನೆಟ್ಟಗೇ ಇತ್ತು.

“ಅದಕ್ಕ ನೆನಪಿರೋದು ನೆಟ್ಟಗಾಗೋದೊಂದ.”

“ಮತ್ತ ಮೊದಲ ಹೆಂಗ ಮಡಚ್ತಿತ್ತು?”

ಗುರು ಅಂಬಿಗನ ಕಡೆ ತಿರುಗಿ, “ಎರಡು ದಿನ ತಡಿ ದುರ್ಗಪ್ಪ, ಹೊಸಾದು ಮಾಡಿಕೊಡ್ತಾನ,” ಎಂದರು.

ಆಮೇಲೆ ಬಗ್ಗಿ, ಅರದ ಕೆಳಗೆ ಬಿದ್ದಿದ್ದ ಪಟ್ಟಿಯ ಪುಡಿಯನ್ನು ಕಾಗದದ ಮೇಲೆ ಬಳಿದು ಶಿಷ್ಯನ ಅಂಗೈಗೆ ಸುರಿದರು. ಗಾಜಿನ ಪುಡಿ, ಕೈ ತುರಿಸತೊಡಗಿತು.

“ತಂತಿಗೆ ಹೋಗೋದಷ್ಟ ಗೊತ್ತು. ಹೊಳ್ಳಿ ಕರಕೊಂಡು ಬರಾಂವನ್ನ ನೀ ತಿಕ್ಕಿ ಹಾಕಿಬಿಟ್ಟಿ.”