ಊಸರವಳ್ಳಿಯ ಎರಡು ಕಣ್ಣು

ಊಸರವಳ್ಳಿ ಮೂಗಿನ ಮೇಲಿದ್ದ ಕನ್ನಡಕವನ್ನು ತೆಗೆದು ಕಣ್ಣಿನ ವೈದ್ಯ ಮರಕುಟಿಗನ ಮುಂದಿಟ್ಟಿತು.

“ಎಡಗಣ್ಣು ಒಪ್ಪಿದೆ, ವೈದ್ಯರೇ. ಬಲಗಣ್ಣು ಹಿಂದಕ್ಕೆ ತಿರುಗಿದರೆ ಅಲ್ಲಿ ಗಾಜೇ ಇಲ್ಲ.”

ಮರಕುಟಿಗನಿಗೆ ರೇಗಿತು. ಒಂದು ವಾರದಿಂದ ಇದೇ ಪಾಡು. ದೃಷ್ಟಿ ಮಂಜಾಗಿ ಊಸರವಳ್ಳಿಯ ನಾಲಿಗೆ ಒಂದು ನೊಣವನ್ನೂ ಮುಟ್ಟಿರಲಿಲ್ಲ. ಪಕ್ಕೆಲುಬು ಎಣಿಸುವಂತಾಗಿತ್ತು. ಆದರೂ ಅದರ ಆಯ್ಕೆ ಮುಗಿಯಲೊಲ್ಲದು.

“ಹಾಗಾದರೆ ಲೆನ್ಸ್ ಹಾಕಿಕೋ. ಕಣ್ಣು ತಿರುಗಿದ ಕಡೆ ಅದೂ ತಿರುಗುತ್ತದೆ.”

“ದಿನಾ ತೊಳೆದು ಹಾಕಬೇಕಂತೆ. ಕೈ ಬಿಟ್ಟರೆ ಕೊಂಬೆಯಿಂದ ಬೀಳುತ್ತೇನಲ್ಲ?”

“ಸರಿ, ಶಸ್ತ್ರಚಿಕಿತ್ಸೆ ಮಾಡಿಬಿಡುತ್ತೇನೆ. ಹತ್ತು ಎಣಿಸುವವರೆಗೆ ಎರಡೂ ಕಣ್ಣಿನಿಂದ ಆ ಹೂವನ್ನೇ ನೋಡುತ್ತಿರು.”

“ಎರಡೂ ಕಣ್ಣು ಅಲ್ಲೇ ಇದ್ದರೆ, ಹಿಂದಿನಿಂದ ಹಾವು ಬಂದರೆ ನೋಡುವವರು ಯಾರು?”

“ನಾನು ನೋಡುತ್ತೇನೆ, ಮಾರಾಯ!”

“ನಿಮ್ಮ ಮೇಲೆ ಕಣ್ಣಿಡುವವರು ಯಾರು?”

ಮರಕುಟಿಗ ಕೂತಿದ್ದ ಮರವನ್ನೇ ಟಕಟಕ ಕುಟ್ಟಿ ಸಿಟ್ಟು ಇಳಿಸಿಕೊಂಡ.

“ಮೂರರಲ್ಲಿ ಯಾವುದಾದರೂ ಸರಿ, ಕಣ್ಣು ಕಾಣುತ್ತದೆ. ಒಂದನ್ನು ಹೇಳಿ ಸಾಯಿ. ಇವತ್ತಾದರೂ ಹೊಟ್ಟೆಗೆ ಏನಾದರೂ ಬೀಳುತ್ತದೆ.”

ಊಸರವಳ್ಳಿ ಒಂದು ಕಾಲನ್ನು ಮುಂದಿಟ್ಟಿತು, ತೂಗಾಡಿತು, ಮತ್ತೆ ಹಿಂದಕ್ಕೆ ತೆಗೆದುಕೊಂಡಿತು.

“ಬಲಗಣ್ಣನ್ನು ಇನ್ನೊಮ್ಮೆ ಕೇಳಿ ನೋಡುತ್ತೇನೆ.”

ಅಷ್ಟರಲ್ಲಿ ದಪ್ಪ ನೊಣವೊಂದು ಬಂದು, ಬೇಡವೆಂದು ತೆಗೆದಿಟ್ಟ ಆ ಕನ್ನಡಕದ ಮೇಲೇ ಕೂತಿತು. ಊಸರವಳ್ಳಿ ಆಸೆಯಿಂದ ನಾಲಿಗೆ ಚಾಚಿತು. ನಾಲಿಗೆ ಹೋಗಿ ಒಂದು ಗೇಣು ಆಚೆಯಿದ್ದ ಮುಳ್ಳಿಗೆ ಚುಚ್ಚಿಕೊಂಡಿತು.

ನೊಣವನ್ನು ಮರಕುಟಿಗ ತಿಂದ.